ಮಕ್ಕಳ ಕೈಲಿ ಮರದ ಎತ್ತು ಕೆತ್ತಿಸಲು ಹಸಿ ಕೊಂಬೆ, ಒದ್ದೆ ಗೋಣಿಚೀಲ

ಚಿತ್ರದುರ್ಗದ ಕಡೆ ಬಯಲಲ್ಲಿ ಮಕ್ಕಳನ್ನು ಕೂರಿಸಿಕೊಂಡು ಆಟದ ಎತ್ತು ಕೆತ್ತಿಸುವವರು ಒಣಮರ ಕೊಡಬೇಡಿ. ಹಿಂದಿನ ದಿನ ಕಡಿದ, 2 ಇಂಚು ದಪ್ಪದ ಹಸಿ ಬೇವಿನ ಕೊಂಬೆಯನ್ನು 5 ಇಂಚಿನ ತುಂಡು ಮಾಡಿ, ಉದ್ದಕ್ಕೆ ಎರಡು ಹೋಳು ಸೀಳಿ, ಒದ್ದೆ ಗೋಣಿಚೀಲದಲ್ಲಿ ಸುತ್ತಿಟ್ಟು ಒಂದೊಂದೇ ಹೊರಗೆ ತೆಗೆಯಿರಿ. ಹಸಿ ನಾರು ಮೆತ್ತಗಿರುತ್ತೆ, ಚಾಕುವಿಗೆ ಜೋರು ಹಾಕಬೇಕಿಲ್ಲ; ಕೈ ಜಾರೋದೇ ಜೋರು ಹಾಕಿದಾಗ. ಸೀಳುವುದು ಯಾಕೆಂದರೆ, ನಡುವಿನ ತಿರುಳು ಹಾಗೇ ಉಳಿದ ದುಂಡನೆ ತುಂಡು ಒಣಗುವಾಗ ಅಂಚಿನಿಂದ ತಿರುಳಿನತನಕ ಬಿರಿಯುತ್ತೆ. ಸೀಳಿದ ಮುಖದಲ್ಲಿ ಕಾಣುವ ತಿರುಳಿನ ಗೆರೆಯನ್ನು ಕೆರೆದುಬಿಡಿ, ಎತ್ತು ಕೂರಲು ಚಪ್ಪಟೆ ತಳವೂ ಆಯಿತು. ನಿಂತ ಎತ್ತು ಬೇಡ, ಮಲಗಿದ್ದೇ ಸರಿ: ನಾರಿಗೆ ಅಡ್ಡ ಬರುವ ತೆಳು ಕಾಲು ಲಟಕ್ಕಂತ ಮುರಿಯುತ್ತೆ. ಎತ್ತಿನ ಕೊಂಬಿಗಾಗಿ ತಲೆಯಲ್ಲಿ ಸಣ್ಣ ತೂತು ಕೊರೆದು ಚೆನ್ನಾಗಿ ಒಣಗಿದ ಬಿದಿರುಕಡ್ಡಿ ಬಿಗಿಯಾಗಿ ತೂರಿಸಿ. ಮರ ಒಣಗುತ್ತಾ ಕುಗ್ಗಿ ಕಡ್ಡಿಯನ್ನು ತಾನೇ ಹಿಡಿದುಕೊಳ್ಳುತ್ತೆ, ಅಂಟು ಬೇಡ. ಕಡ್ಡಿಯೂ ಹಸಿಯಾಗಿದ್ದರೆ ಈ ಉಪಾಯ ಕೈಕೊಡುತ್ತೆ, ವಾರದಲ್ಲಿ ಸಡಿಲ. ಗಂಟಿರುವ ಕೊಂಬೆಯೂ ಆಗದು. ಮುಗಿದ ಎತ್ತನ್ನು ನಮ್ಮ ಮಾರ್ಚ್ ಬಿಸಿಲಿಗೆ ಇಟ್ಟರೆ ತುದಿ ಸೀಳುವುದು ಖಂಡಿತ. ಪೇಪರ್ ಸುತ್ತಿ ನೆರಳಲ್ಲಿ ಹತ್ತು ದಿನ ಇಡಿ. ಕಣಗಿಲೆ ಕೊಂಬೆ ಮುಟ್ಟಲೇಬೇಡಿ, ವಿಷ. ಜೋಗಿಮಟ್ಟಿಯಿಂದಲೂ ಕಡಿದು ತರಬೇಡಿ, ಅದು ವನ್ಯಜೀವಿಧಾಮ. ಮನೆ ಅಂಗಳದ ಬೇವು ಸವರಿದಾಗ ಬಿದ್ದದ್ದೇ ಹತ್ತು ಮಕ್ಕಳಿಗೆ ಸಾಕು.