ಅಜ್ಜನ ಬಂದೂಕು ಮೊಮ್ಮಗನ ಹೆಸರಿಗೆ: 21 ತುಂಬುವ ಮೊದಲು, ತುಂಬಿದ ಮೇಲೆ

ಹೊಲದ ನಡುವೆ ಮನೆ, ಗೋಡೆಯ ಮೇಲೆ ಹಳೇ 12 ಬೋರ್ ಡಬಲ್ ಬ್ಯಾರಲ್ ಬಂದೂಕು. ಮುಧೋಳ, ಇಂಡಿ, ಅಥಣಿ ಕಡೆ ಇಂಥ ಮನೆಗಳು ಇನ್ನೂ ಇವೆ. ಲೈಸೆನ್ಸ್ ಇರುವುದು ಅಜ್ಜನ ಹೆಸರಿನಲ್ಲಿ; ರಾತ್ರಿ ಹಂದಿ ಕಾಯಲು ಕಬ್ಬಿನ ಹೊಲಕ್ಕೆ ಹೋಗುವವನು ಹತ್ತೊಂಬತ್ತರ ಮೊಮ್ಮಗ. ತೊಡಕು ಶುರುವಾಗುವುದೇ ಇಲ್ಲಿಂದ.

ವಯಸ್ಸಿನ ಲೆಕ್ಕ

ಆಯುಧ ಕಾಯ್ದೆ 1959ರ 9ನೇ ಕಲಂ ಪ್ರಕಾರ 21 ವರ್ಷ ತುಂಬದವರು ಬಂದೂಕನ್ನಾಗಲಿ ಮದ್ದುಗುಂಡನ್ನಾಗಲಿ ಕೊಳ್ಳುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ, ಒಯ್ಯುವಂತಿಲ್ಲ. ಮೊದಲು ಈ ಮಿತಿ 16 ಇತ್ತು, 1983ರ ತಿದ್ದುಪಡಿ ಅದನ್ನು 21ಕ್ಕೆ ಏರಿಸಿತು. 18ಕ್ಕೆ ಮತ ಹಾಕಬಹುದು, ಟ್ರ್ಯಾಕ್ಟರ್ ಓಡಿಸಬಹುದು. ಬಂದೂಕಿಗೆ ಇನ್ನೂ ಮೂರು ವರ್ಷ ಕಾಯಬೇಕು.

ಒಯ್ಯುವುದಕ್ಕೂ ತಡೆ ಇದೆ ಎಂಬುದು ಎಷ್ಟೋ ಮನೆಗಳಲ್ಲಿ ಗೊತ್ತಿಲ್ಲ. ಲೈಸೆನ್ಸುದಾರರ ಎದುರಿನಲ್ಲಿ, ಅಥವಾ ಅವರು ಬರೆದುಕೊಟ್ಟ ಅನುಮತಿ ಹಿಡಿದು, ರಿಪೇರಿಗೋ ನವೀಕರಣಕ್ಕೋ ಬೇರೆಯವರು ಬಂದೂಕು ಒಯ್ಯಲು ಕಾಯ್ದೆಯಲ್ಲೇ ಅವಕಾಶವಿದೆ. 21 ತುಂಬದವರಿಗೆ ಆ ರಿಯಾಯಿತಿ ಸಲ್ಲದು. ರಿಪೇರಿಗೆ ದೊಡ್ಡವರೇ ಹೋಗಲಿ.

ಎರಡು ಕಡೆ ಸಡಿಲಿಕೆ ಇದೆ. 2016ರ ಆಯುಧ ನಿಯಮಗಳ ಪ್ರಕಾರ 12 ವರ್ಷ ದಾಟಿದವರು ಗುರಿ ಶೂಟಿಂಗ್ ಕ್ರೀಡೆಯ ತರಬೇತಿಯನ್ನು ಮೇಲ್ವಿಚಾರಣೆಯಲ್ಲಿ ಪಡೆಯಬಹುದು. ಎನ್‌ಸಿಸಿ ಕೆಡೆಟ್‌ಗಳ ರೈಫಲ್ ಅಭ್ಯಾಸಕ್ಕೂ ವಿನಾಯಿತಿ ಇದೆ. ಆದರೆ ಎನ್‌ಸಿಸಿ ಸರ್ಟಿಫಿಕೇಟ್ ಮನೆಯ ಬಂದೂಕಿಗೆ ಲೈಸೆನ್ಸ್ ಆಗುವುದಿಲ್ಲ. ಲೈಸೆನ್ಸಿಲ್ಲದೆ ಬಂದೂಕು ಇಟ್ಟುಕೊಳ್ಳಲು ಕೊಡವರಿಗಿರುವ ವಿನಾಯಿತಿಯನ್ನು ನಮ್ಮ ಕಡೆಯವರು ಉದಾಹರಣೆ ಕೊಡುವುದುಂಟು. ಅದು ಕೊಡಗಿನದು, ಕೃಷ್ಣಾ ತೀರಕ್ಕೆ ಅನ್ವಯಿಸದು.

ಹಿರಿಯರು ತೀರಿಕೊಂಡರೆ

ದಿನಕರ್ಮ ಮುಗಿದ ಕೂಡಲೇ ಬಂದೂಕು, ಉಳಿದ ಕಾಡತೂಸು, ಲೈಸೆನ್ಸ್ ಪುಸ್ತಕ ಮೂರನ್ನೂ ಹತ್ತಿರದ ಠಾಣೆಗೆ ಅಥವಾ ಲೈಸೆನ್ಸ್ ಇರುವ ಬಂದೂಕು ಅಂಗಡಿಗೆ ಒಪ್ಪಿಸಬೇಕು. ರಸೀದಿಯಲ್ಲಿ ಬಂದೂಕಿನ ನಂಬರ್, ಬೋರ್ (ನಳಿಗೆಯ ಅಳತೆ), ಕಾಡತೂಸಿನ ಲೆಕ್ಕ ಬರೆಸಿಕೊಳ್ಳದೆ ಎದ್ದು ಬರಬೇಡಿ. ವಾರಸಾ ಆಗಲಿ, ಆಮೇಲೆ ನೋಡೋಣ ಎಂದು ಟ್ರಂಕಿನಲ್ಲಿಟ್ಟರೆ ಅದು ಲೈಸೆನ್ಸಿಲ್ಲದ ಬಂದೂಕು. 2019ರ ತಿದ್ದುಪಡಿಯ ಬಳಿಕ ಅದಕ್ಕೆ 2ರಿಂದ 5 ವರ್ಷ ಜೈಲು. ವಾರಸುದಾರನಿಗೆ 21 ತುಂಬಿದ್ದರೆ ಅವನ ಹೆಸರಿಗೆ ಲೈಸೆನ್ಸ್ ಕೇಳಬಹುದು, ಉಳಿದ ವಾರಸುದಾರರ ಒಪ್ಪಿಗೆ ಪತ್ರ ಜೊತೆಗಿರಲಿ. ಹಿರಿಯರು ಬದುಕಿರುವಾಗಲೇ ವರ್ಗಾವಣೆಗೂ ದಾರಿ ಇದೆ: ಅವರಿಗೆ 70 ದಾಟಿರಬೇಕು, ಇಲ್ಲವೇ ಬಂದೂಕು 25 ವರ್ಷದಿಂದ ಅವರ ಬಳಿ ಇರಬೇಕು. ಅಣ್ಣತಮ್ಮಂದಿರ ಜಗಳ ತಪ್ಪಿಸಲು ಇದೇ ಮೇಲು.

ಅರ್ಜಿ

ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ಡಿ.ಸಿ. ಕಚೇರಿ, ಬೆಳಗಾವಿ ನಗರದಲ್ಲಿ ಪೊಲೀಸ್ ಕಮಿಷನರ್, ಹಳ್ಳಿಗಳಿಗೆ ಡಿ.ಸಿ. ಎ-1 ನಮೂನೆಯ ಜೊತೆ ಫೋಟೊ, ವಯಸ್ಸಿನ ದಾಖಲೆ, ಗುರುತು ಮತ್ತು ವಿಳಾಸದ ದಾಖಲೆ, ದೈಹಿಕ ಮತ್ತು ಮಾನಸಿಕ ಆರೋಗ್ಯದ ವೈದ್ಯರ ಪ್ರಮಾಣಪತ್ರ, ಬಂದೂಕನ್ನು ಭದ್ರವಾಗಿ ಇಡುವ ಮುಚ್ಚಳಿಕೆ ಬೇಕು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ಹುಟ್ಟಿದ ದಿನ, ಆಧಾರ್‌ನಲ್ಲಿ ಇನ್ನೊಂದು ಇದ್ದರೆ ಮೊದಲು ಅದನ್ನು ಸರಿಪಡಿಸಿಕೊಳ್ಳಿ. ಕಡತ ವಾಪಸು ಬರಲು ಅಷ್ಟೇ ಸಾಕು.

ಕಾರಣದ ಜಾಗದಲ್ಲಿ 'ಆತ್ಮರಕ್ಷಣೆಗಾಗಿ' ಎಂದು ಒಂದೇ ಪದ ಗೀಚಿದರೆ ನಡೆಯದು. ಬೆಳೆ ರಕ್ಷಣೆಗೆ ಕೇಳುವುದಾದರೆ ಉತಾರ (ಪಹಣಿ), ಬೆಳೆಯ ವಿವರ, ಹಾನಿಯಾದಾಗ ಕೊಟ್ಟ ದೂರಿನ ಪ್ರತಿ ಇರಲಿ. ಹೊಲ ತಂದೆಯ ಹೆಸರಿನಲ್ಲಿದ್ದರೆ ಹುಡುಗರು ಹಿಂಜರಿಯುತ್ತಾರೆ. ಸಾಕಷ್ಟು ಆಸ್ತಿ ಇಲ್ಲ ಎಂಬ ಒಂದೇ ಕಾರಣಕ್ಕೆ ಲೈಸೆನ್ಸ್ ನಿರಾಕರಿಸುವಂತಿಲ್ಲ ಎಂದು 14ನೇ ಕಲಂ ಹೇಳುತ್ತದೆ.

ಆಮೇಲೆ ಠಾಣೆಯ ವರದಿ. ಹರೆಯದವರ ಅರ್ಜಿ ಹೆಚ್ಚಾಗಿ ಸಿಕ್ಕಿಕೊಳ್ಳುವುದು ಇಲ್ಲೇ. ಗಣೇಶೋತ್ಸವಕ್ಕೋ ಚುನಾವಣೆಗೋ ಮುಂಚೆ ತಹಶೀಲ್ದಾರರ ಮುಂದೆ ಶಾಂತಿ ಕಾಪಾಡುವ ಬಾಂಡ್ ಬರೆದುಕೊಡುವಂತೆ ಆದೇಶವಾಗಿದ್ದರೆ, ಬಾಂಡಿನ ಅವಧಿ ಮುಗಿಯುವ ತನಕ ಬಂದೂಕು ಇಟ್ಟುಕೊಳ್ಳುವುದಕ್ಕೇ ನಿಷೇಧ. ಹಿಂಸೆಯ ಅಪರಾಧದಲ್ಲಿ ಶಿಕ್ಷೆಯಾಗಿದ್ದರೆ ಶಿಕ್ಷೆ ಮುಗಿದ ಮೇಲೂ 5 ವರ್ಷ ತಡೆ. ಓಣಿಯ ಹೊಡೆದಾಟದಲ್ಲಿ ಹೆಸರು ಸೇರಿದ್ದು ಹೀಗೆ ವರ್ಷಗಟ್ಟಲೆ ಬೆನ್ನು ಹತ್ತುತ್ತದೆ. ಅರ್ಜಿಯಲ್ಲಿ ಅದನ್ನು ಮುಚ್ಚಿಟ್ಟರೆ, ಕೊಟ್ಟ ಲೈಸೆನ್ಸೂ ರದ್ದಾಗಬಹುದು. ನಿರಾಕರಿಸಿದರೆ ಲಿಖಿತ ಕಾರಣ ಕೇಳಿ ಪಡೆಯಿರಿ. ಮೇಲ್ಮನವಿಗೆ 30 ದಿನ.

ಅಭಯಾರಣ್ಯದಿಂದ 10 ಕಿ.ಮೀ. ಒಳಗಿನ ಊರುಗಳಿಗೆ ಇನ್ನೊಂದು ಕಟ್ಟು. ಯಡಹಳ್ಳಿ ಚಿಂಕಾರ, ಘಟಪ್ರಭಾ, ಭೀಮಗಡ ಸುತ್ತ ಹೊಸ ಲೈಸೆನ್ಸಿಗೆ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವ ಸಮ್ಮತಿ ಬೇಕೇ ಬೇಕು. ಎಲ್ಲೇ ಆಗಲಿ, ಲೈಸೆನ್ಸ್ ಇದೆಯೆಂದು ಹಂದಿ ಹೊಡೆಯುವ ಹಕ್ಕು ಬರುವುದಿಲ್ಲ. ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇರೆಯೇ.

ಕೈಗೆ ಬಂದ ಮೇಲೆ

ಬಂದೂಕು ಎತ್ತಿಕೊಂಡ ಕೂಡಲೇ, ಖಾಲಿ ಇದೆ ಎಂದು ಯಾರು ಹೇಳಿದರೂ, ಬಾಯಿಯನ್ನು ಜನರಿಲ್ಲದ ಕಡೆ ತಿರುಗಿಸಿ ಲಿವರ್ ಒತ್ತಿ ತೆರೆಯಿರಿ. ಬೆರಳು ಟ್ರಿಗರ್ ಗಾರ್ಡಿನ ಹೊರಗೇ ಇರಲಿ. ಕಾಡತೂಸು ಇಲ್ಲವೆಂದು ಖಾತ್ರಿಯಾದ ಬಳಿಕ ಹಿಂಬದಿಯಿಂದ ಎರಡೂ ನಳಿಗೆಗಳಲ್ಲಿ ಬೆಳಕು ಕಾಣುತ್ತದೆಯೇ ನೋಡಿ. ಗೋಡೆಗೆ ತೂಗುಹಾಕಿದ ಬಂದೂಕಿನಲ್ಲಿ ಕಣಜ ಮಣ್ಣಿನ ಗೂಡು ಕಟ್ಟುತ್ತದೆ. ಹಸಿ ಎರೆಮಣ್ಣಿಗೆ ಬಾಯಿ ತಾಗಿದರೆ ಮಣ್ಣು ಒಳಗೆ ಮೆತ್ತಿಕೊಳ್ಳುತ್ತದೆ. ಅಂಥ ನಳಿಗೆಯಲ್ಲಿ ಗುಂಡು ಹಾರಿಸಿದರೆ ಒತ್ತಡಕ್ಕೆ ದಾರಿ ಸಿಗದೆ ನಳಿಗೆಯೇ ಸಿಡಿಯುತ್ತದೆ, ಮುಂಗೈ ಇರುವುದು ಅದರ ಕೆಳಗೇ. ಟ್ರಿಗರ್ ಎಳೆದರೂ ಹಾರದಿದ್ದರೆ ತಕ್ಷಣ ತೆರೆಯಬೇಡಿ. ತೇವ ಹಿಡಿದ ಕಾಡತೂಸು ತಡವಾಗಿ ಸಿಡಿಯುವುದುಂಟು. ಗುರಿಯ ಕಡೆಗೇ ಹಿಡಿದು ಕನಿಷ್ಠ 30 ಸೆಕೆಂಡು ಕಾಯಿರಿ.

ಚರ್ಮದ ಚೀಲದಲ್ಲಿ ಇಟ್ಟು ಮರೆತರೆ ಚರ್ಮ ಹೀರಿದ ತೇವಕ್ಕೆ ತುಕ್ಕು ಹಿಡಿಯುತ್ತದೆ. ಎಣ್ಣೆ ಸವರಿ ಉಕ್ಕಿನ ಕಪಾಟಿನಲ್ಲಿಡಿ. ಕಾಡತೂಸಿಗೆ ಬೇರೆ ಬೀಗ, ಬೇರೆ ಜಾಗ. ಕೀಲಿ ಲೈಸೆನ್ಸುದಾರರ ಬಳಿಯೇ ಇರಲಿ, ದೇವರ ಜಗಲಿಯ ಮೇಲಲ್ಲ. ಮನೆಯ ಮಕ್ಕಳು ಮೊದಲು ಕೈಯಾಡಿಸುವುದೇ ಅಲ್ಲಿ.

ಮದುವೆ, ಜಾತ್ರೆಯಲ್ಲಿ ಖುಷಿಗೆಂದು ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಜೈಲು, 1 ಲಕ್ಷದವರೆಗೆ ದಂಡ, ಅಥವಾ ಎರಡೂ. ಗೆಳೆಯನ ಕೈಗೆ ಕೊಟ್ಟು ರೀಲ್ಸ್ ಮಾಡಿಸಿದರೆ ನಿಮ್ಮ ಲೈಸೆನ್ಸಿಗೇ ಕುತ್ತು, ವಿಡಿಯೊನೇ ಸಾಕ್ಷಿ.

ಲೈಸೆನ್ಸಿನ ಅವಧಿ ಈಗ 5 ವರ್ಷ, ಒಬ್ಬರಿಗೆ ಹೆಚ್ಚೆಂದರೆ ಎರಡು ಬಂದೂಕು. ನವೀಕರಣದ ಅರ್ಜಿ ಎರಡು ತಿಂಗಳು ಮುಂಚೆಯೇ ಹೋಗಲಿ. ಚುನಾವಣೆಗೆ ಠಾಣೆಯಲ್ಲಿ ಜಮೆ ಮಾಡಿದ ಬಂದೂಕನ್ನು ವಾಪಸು ತರುವಾಗ ರಸೀದಿಯ ನಂಬರನ್ನು ನಳಿಗೆಯ ನಂಬರಿಗೆ ತಾಳೆ ನೋಡಿ, ಅಲ್ಲೇ ತೆರೆದು ಖಾಲಿ ಇದೆಯೇ ಪರೀಕ್ಷಿಸಿಕೊಳ್ಳಿ.