ಸ್ಟಡ್ ಒಳಗೆ ಮುರಿದ ಈಜಿ ಔಟ್: ಕಾರ್ಬೈಡ್ ಬಿಟ್ಟಿನಲ್ಲಿ ತೆಗೆದ ಬಗೆ

ಬೋಲ್ಟ್ ಮುರಿಯುವುದು ದೊಡ್ಡ ವಿಷಯ ಅಲ್ಲ. ಅದನ್ನು ತೆಗೆಯಲು ಹೋಗಿ ಒಳಗೆ ಈಜಿ ಔಟ್ (ಮುರಿದ ಬೋಲ್ಟಿಗೆ ತೂತು ಕೊರೆದು, ಒಳಗೆ ಕಚ್ಚಿಸಿ ತಿರುಗಿಸಿ ತೆಗೆಯುವ ಉಪಕರಣ) ಮುರಿದರೆ ಮಾತ್ರ ತಲೆನೋವು. ನನ್ನ ಗ್ಯಾರೇಜಿಗೆ ಬರುವ ಇಂಥ ಕೆಲಸಗಳಲ್ಲಿ ಹೆಚ್ಚಿನವು ಬೈಕಿನ ಸೈಲೆನ್ಸರ್ ಸ್ಟಡ್‌ಗಳೇ. ಸ್ಟಡ್ ಅಂದರೆ ತಲೆಯಿಲ್ಲದ ಬೋಲ್ಟು, ಒಂದು ತುದಿ ಎಂಜಿನ್ನಿನೊಳಗೆ, ಇನ್ನೊಂದು ತುದಿಗೆ ನಟ್ಟು. ನಾವಿರುವುದು ಮಂಗಳೂರು ಕಡೆ. ಇಲ್ಲಿ ಉಪ್ಪುಗಾಳಿ, ಅದರ ಮೇಲೆ ಜೂನ್‌ನಿಂದ ಶುರುವಾಗುವ ಮಳೆ, ಜೊತೆಗೆ ದಿನಾ ಕಾದು ತಣಿಯುವ ಸೈಲೆನ್ಸರಿನ ಬಿಸಿ. ಎಂಜಿನ್ನಿನ ಅಲ್ಯೂಮಿನಿಯಂ ಹೆಡ್ಡಿನಲ್ಲಿ ಕೂತ ಉಕ್ಕಿನ ಸ್ಟಡ್ ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಕಚ್ಚಿಕೊಂಡಿರುತ್ತದೆ. ನಟ್ಟು ಬಿಚ್ಚಲು ಹೋದರೆ ನಟ್ಟಿನ ಜೊತೆ ಸ್ಟಡ್ಡಿನ ಅರ್ಧ ಕೈಗೆ ಬರುತ್ತದೆ.

ಮೊನ್ನೆ ಬಂದಿದ್ದೂ ಅಂಥದ್ದೇ. ಎಂ6 ಸ್ಟಡ್ (6 ಮಿಮೀ ದಪ್ಪದ್ದು), ಹೆಡ್ಡಿನ ಮಟ್ಟಕ್ಕೇ ಮುರಿದಿತ್ತು. ಬೇರೆ ಕಡೆ ಯಾರೋ ನಡುವೆ ತೂತು ಕೊರೆದು ಈಜಿ ಔಟ್ ಹಾಕಿ ತಿರುಗಿಸಿದ್ದಾರೆ, ಅದೂ ಒಳಗೇ ತುಂಡಾಗಿದೆ. ಆಮೇಲೆ ಅದರ ಮೇಲೆ ಡ್ರಿಲ್ ಇಟ್ಟಿದ್ದಾರೆ. ಡ್ರಿಲ್ ಜಾರಿ ಪಕ್ಕದ ಅಲ್ಯೂಮಿನಿಯಂ ಸ್ವಲ್ಪ ತಿಂದಿತ್ತು.

ಡ್ರಿಲ್ ಜಾರದೆ ಇನ್ನೇನು ಮಾಡುತ್ತದೆ ಹೇಳಿ. ಈಜಿ ಔಟ್ ಇರಲಿ, ತೂತಿನೊಳಗೆ ಥ್ರೆಡ್ ಕೊರೆಯುವ ಟ್ಯಾಪ್ ಇರಲಿ, ಎರಡೂ ಗಡಸು ಮಾಡಿದ ಉಕ್ಕು. ಗಡಸಿನಲ್ಲಿ ನಮ್ಮ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಡ್ರಿಲ್ ಬಿಟ್ಟಿಗೆ ಹೆಚ್ಚುಕಡಿಮೆ ಸಮ. ಹಾಗಾಗಿ ಎಷ್ಟು ಒತ್ತಿದರೂ ಡ್ರಿಲ್ಲಿನ ಮೂತಿ ಸವೆಯುತ್ತದೆಯೇ ಹೊರತು ತೂತು ಇಳಿಯುವುದಿಲ್ಲ. ಅಲ್ಲಿ ನಡೆಯುವುದು ಟಂಗ್‌ಸ್ಟನ್ ಕಾರ್ಬೈಡ್ ಮಾತ್ರ.

ಇನ್ನೊಂದು ಮಾತು. ಈಜಿ ಔಟ್ ಮೊನೆ ಚೂಪಾಗಿ ಬರಬರುತ್ತಾ ದಪ್ಪಗಾಗುತ್ತದೆ. ಒಳಗೆ ಬಿಗಿಯಾದಷ್ಟೂ ಸ್ಟಡ್ಡಿನ ಗೋಡೆಯನ್ನು ಹೊರಕ್ಕೆ ದೂಡುತ್ತದೆ, ಅಂದರೆ ಕಚ್ಚಿದ ಥ್ರೆಡ್ಡನ್ನು ಇನ್ನೂ ಕಚ್ಚಿಸುತ್ತದೆ. ತುಕ್ಕಿನಿಂದ ಜಾಮ್ ಆದ ಎಂ6ಗೆ ನಾನು ಅದನ್ನು ಬಳಸುವುದೇ ಇಲ್ಲ. ತಲೆ ಮಾತ್ರ ಹಾರಿ, ಥ್ರೆಡ್ ಸಡಿಲವೇ ಇರುವ ಬೋಲ್ಟಿಗೆ ಪರವಾಗಿಲ್ಲ. ಸ್ಟಡ್ ನಾಲ್ಕು ಮಿಲಿಮೀಟರ್ ಆದರೂ ಹೊರಗೆ ಕಾಣುತ್ತಿದ್ದರೆ ಅದಕ್ಕೆ ನಟ್ಟು ಇಟ್ಟು ವೆಲ್ಡ್ ಮಾಡಿ ತಿರುಗಿಸುವುದೇ ವಾಸಿ, ವೆಲ್ಡಿಂಗಿನ ಬಿಸಿಗೇ ಅರ್ಧ ಕೆಲಸ ಆಗುತ್ತದೆ. ಕಾರ್ಬೈಡ್ ಕೈಗೆತ್ತಿಕೊಳ್ಳುವುದು ಆ ದಾರಿಗಳೆಲ್ಲ ಮುಚ್ಚಿದಾಗ.

ನನ್ನ ಹತ್ತಿರ ಇರುವುದು ಒಂದು ರೋಟರಿ ಟೂಲ್, ಅದಕ್ಕೆ ಸಿಕ್ಕಿಸುವ ಫ್ಲೆಕ್ಸಿಬಲ್ ಶಾಫ್ಟ್. ದೊಡ್ಡ ಬೋಲ್ಟಿಗಾದರೆ ಗಾಳಿಯ ಒತ್ತಡದಲ್ಲಿ ತಿರುಗುವ ಏರ್ ಡೈ ಗ್ರೈಂಡರ್, 6 ಮಿಮೀ ಶ್ಯಾಂಕಿನ (ಟೂಲಿಗೆ ಸಿಕ್ಕಿಸುವ ಕಡ್ಡಿಯ) ಬಿಟ್ಟು. ಎಂ6, ಎಂ8ಗೆ 3 ಮಿಮೀ ಶ್ಯಾಂಕಿನವೇ ಬೇಕು, ಆಕಾರದಲ್ಲಿ ಗುಂಡು ತಲೆಯದ್ದೊಂದು, ತುದಿಯಲ್ಲೂ ಹಲ್ಲಿರುವ ಸಿಲಿಂಡರ್ ಒಂದು ಇದ್ದರೆ ಸಾಕು. ಪೆಟ್ಟಿಗೆಯಲ್ಲಿ ಬರುವ ಉಳಿದ ಆಕಾರಗಳು ನೋಡಲು ಚಂದ ಅಷ್ಟೇ. ಉಕ್ಕಿಗೆ ಡಬಲ್ ಕಟ್ ತಗೊಳ್ಳಿ, ಹಲ್ಲು ಅಡ್ಡಡ್ಡ ಕತ್ತರಿಸಿದಂತೆ ಇರುತ್ತದೆ. ತೀರಾ ಸಣ್ಣದು ಬೇಕಾದಾಗ ನಾನು ದಂತವೈದ್ಯರ ಸಾಮಾನು ಮಾರುವ ಅಂಗಡಿಗೆ ಹೋಗುತ್ತೇನೆ. ಹಲ್ಲಿನ ಲ್ಯಾಬಿನವರು ಬಳಸುವ ಕಾರ್ಬೈಡ್ ಬಿಟ್ಟುಗಳ ಶ್ಯಾಂಕ್ 2.35 ಮಿಮೀ, ಡ್ರೆಮೆಲ್ ಕಂಪನಿಯ ರೋಟರಿ ಟೂಲಿನ 2.4 ಮಿಮೀ ಕಾಲೆಟ್ಟಿಗೆ (ಬಿಟ್ಟು ಹಿಡಿಯುವ ಬಾಯಿಗೆ) ಸರಿಯಾಗಿ ಕೂರುತ್ತದೆ. ಹಾರ್ಡ್‌ವೇರ್ ಅಂಗಡಿಯ ಅಗ್ಗದ ಸೆಟ್ಟಿಗಿಂತ ಇವುಗಳ ಹಲ್ಲು ಎಷ್ಟೋ ಚೂಪು.

ಡೈಮಂಡ್ ಬಿಟ್ಟು ಯಾಕೆ ಬೇಡ ಅಂತ ಕೇಳುವವರಿದ್ದಾರೆ. ಡೈಮಂಡ್ ಅಂದರೆ ಇಂಗಾಲ. ಕಾದ ಉಕ್ಕು ಆ ಇಂಗಾಲವನ್ನು ತಿಂದುಬಿಡುತ್ತದೆ, ಜೊತೆಗೆ ಅಗ್ಗದ ಬಿಟ್ಟುಗಳಲ್ಲಿ ಡೈಮಂಡ್ ಪುಡಿಯ ಲೇಪ ಬಲು ತೆಳು. ಸ್ವಲ್ಪ ಹೊತ್ತಲ್ಲೇ ಬೋಳು ಕಡ್ಡಿ ಉಳಿಯುತ್ತದೆ.

ಕೆಲಸಕ್ಕೆ ಮೊದಲು ಮುಂದಿನ ಚಕ್ರ ಮತ್ತು ಮಡ್‌ಗಾರ್ಡ್ ಬಿಚ್ಚಿದೆ. ಇದು ಸುಮ್ನೆ ಅಲ್ಲ. ಸ್ಟಡ್ಡಿಗೆ ನೇರವಾಗಿ ಎದುರು ಕೂತು ಕೆಲಸ ಮಾಡಲು ಆಗದಿದ್ದರೆ ತೂತು ಖಂಡಿತ ಓರೆ ಹೋಗುತ್ತದೆ. ಎಕ್ಸಾಸ್ಟ್ ಪೋರ್ಟಿಗೆ ಬಟ್ಟೆ ತುರುಕಿದೆ, ಇಲ್ಲದಿದ್ದರೆ ಚೂರೆಲ್ಲ ವಾಲ್ವಿನ ಹತ್ತಿರ ಹೋಗಿ ಕೂರುತ್ತದೆ. ಕಣ್ಣಿಗೆ ಬದಿಯೂ ಮುಚ್ಚುವ ಕನ್ನಡಕ ಹಾಕಲೇಬೇಕು. ಕಾರ್ಬೈಡ್ ಬಿಟ್ಟಿನಿಂದ ಹಾರುವುದು ಪುಡಿಯಲ್ಲ, ಸೂಜಿ. ಚರ್ಮಕ್ಕೆ ಚುಚ್ಚಿದರೆ ಎರಡು ದಿನ ನೆನಪಿರುತ್ತದೆ, ಕಣ್ಣಿಗೆ ಹೋದರೆ ಆಸ್ಪತ್ರೆಯೇ ಗತಿ. ಜೋಲುವ ಬಟ್ಟೆಯ ಗ್ಲೌಸ್ ಬೇಡ, ಶಾಫ್ಟಿಗೆ ಸುತ್ತಿಕೊಂಡುಬಿಡುತ್ತದೆ.

ಮೊದಲು ಸಿಲಿಂಡರ್ ಬಿಟ್ಟಿನ ತುದಿಯಿಂದ ಮುರಿದ ಮುಖವನ್ನು ಸಮ ಮಾಡಿದೆ. ಮುಖ ಸಮ ಆದ ಮೇಲೆ ಸ್ಟಡ್ಡಿನ ಅಂಚು, ಒಳಗೆ ಈಜಿ ಔಟಿನ ಹೊಳೆಯುವ ಚುಕ್ಕೆ, ಹಿಂದಿನ ತೂತು ಎಷ್ಟು ಬದಿಗೆ ಹೋಗಿದೆ ಅನ್ನುವುದು, ಎಲ್ಲ ಬೇರೆಬೇರೆಯಾಗಿ ಕಾಣಿಸಿತು. ಟಾರ್ಚ್ ಬೆಳಕು ಓರೆಯಾಗಿ ಬಿಟ್ಟರೆ ಇನ್ನೂ ಚೆನ್ನಾಗಿ ಕಾಣುತ್ತದೆ.

ಆಮೇಲೆ ಸಣ್ಣ ಗುಂಡು ಬಿಟ್ಟು. ವೇಗ ಇಪ್ಪತ್ತೈದರಿಂದ ಮೂವತ್ತು ಸಾವಿರ ಆರ್‌ಪಿಎಂ. ಸಣ್ಣ ಬಿಟ್ಟಿಗೆ ವೇಗ ಜಾಸ್ತಿ ಬೇಕು, ನಿಧಾನ ತಿರುಗಿದರೆ ಹಲ್ಲು ಕಚ್ಚಿ ಕುಣಿಯುತ್ತದೆ. ಇದೇ ಕಾರಣಕ್ಕೆ ಇದನ್ನು ಸಾಮಾನ್ಯ ಡ್ರಿಲ್ ಮಷೀನಿಗೆ ಹಾಕಬೇಡಿ, ಮೂರು ಸಾವಿರದೊಳಗಿನ ವೇಗಕ್ಕೆ ಹಲ್ಲು ಉದುರಿಹೋಗುತ್ತದೆ. ಕತ್ತು ಉದ್ದ ಇರುವ ಬಿಟ್ಟಾದರೆ ಮಾತ್ರ ವೇಗ ಇಳಿಸಬೇಕು, ಇಲ್ಲವಾದರೆ ಬಾಗಿ ಒದೆಯುತ್ತದೆ. ಬಿಟ್ಟನ್ನು ಕಾಲೆಟ್ಟಿನೊಳಗೆ ಆದಷ್ಟು ಆಳಕ್ಕೆ ತಳ್ಳಿ, ಹೊರಗೆ ಬೇಕಾದಷ್ಟೇ ಬಿಡಿ.

ಕೈ ಹಿಡಿಯುವುದರಲ್ಲೇ ಎಲ್ಲ ಇದೆ. ಪೆನ್ ಹಿಡಿದಂತೆ ಹ್ಯಾಂಡ್‌ಪೀಸ್ ಹಿಡಿದು ಕಿರುಬೆರಳನ್ನು ಹೆಡ್ಡಿನ ಫಿನ್ನಿಗೆ ಊರುತ್ತೇನೆ. ಎರಡು ಮೂರು ಸೆಕೆಂಡ್ ತಾಗಿಸುವುದು, ಎತ್ತುವುದು, ಗಾಳಿ ಊದುವುದು, ನೋಡುವುದು. ಮತ್ತೆ ತಾಗಿಸುವುದು. ಒತ್ತಬಾರದು. ಕಾರ್ಬೈಡ್ ಗಟ್ಟಿ ಹೌದು, ಆದರೆ ಪಿಂಗಾಣಿಯ ಹಾಗೆ, ಬದಿಯಿಂದ ಒತ್ತಡ ಬಿದ್ದರೆ ಪಟ್ ಅಂತ ಹೋಗುತ್ತದೆ. ಆಗ ಸ್ಟಡ್ಡಿನೊಳಗೆ ಈಜಿ ಔಟ್, ಅದರೊಳಗೆ ಕಾರ್ಬೈಡ್ ತುಂಡು! ಕಿಡಿ ಜಾಸ್ತಿ ಬರತೊಡಗಿದರೆ ಬಿಟ್ಟು ಮೊಂಡಾಗಿದೆ ಅಥವಾ ನೀವು ಒತ್ತುತ್ತಿದ್ದೀರಿ. ಬಿಸಿಯಾಯಿತೆಂದು ನೀರಿಗೆ ಅದ್ದಬೇಡಿ, ಬಿರುಕು ಬಿಡುತ್ತದೆ.

ಇಲ್ಲಿ ಇರುವ ದೊಡ್ಡ ಅಪಾಯ ಅಲ್ಯೂಮಿನಿಯಂ. ಬಿಟ್ಟು ಯಾವಾಗಲೂ ಮೆತ್ತಗಿರುವ ಕಡೆಗೇ ಓಡುತ್ತದೆ. ಗಡಸು ಈಜಿ ಔಟಿನಿಂದ ಸ್ಟಡ್ಡಿಗೆ, ಸ್ಟಡ್ಡಿನಿಂದ ಹೆಡ್ಡಿಗೆ. ಹಿಂದಿನವರ ತೂತು ಬದಿಗೆ ಹೋಗಿದ್ದರಿಂದ ಒಂದು ಕಡೆ ಸ್ಟಡ್ಡಿನ ಗೋಡೆ ಕಾಗದದಷ್ಟು ತೆಳುವಾಗಿತ್ತು. ಅದಕ್ಕೆ ದಪ್ಪ ಗೋಡೆ ಇರುವ ಕಡೆಯಿಂದಲೇ ತಿನ್ನಿಸುತ್ತಾ ಬಂದೆ. ಅಲ್ಯೂಮಿನಿಯಂ ತಾಗಿದ್ದು ಸದ್ದಿನಲ್ಲೇ ಗೊತ್ತಾಗುತ್ತದೆ, ಕಿರ್ ಅನ್ನುವುದು ನಿಂತು ಮಂಕಾಗುತ್ತದೆ, ಬಿಟ್ಟಿನ ಹಲ್ಲಿಗೆ ಬೆಳ್ಳಿಯ ಬಣ್ಣ ಮೆತ್ತಿಕೊಳ್ಳುತ್ತದೆ. ಹಾಗೆ ಮೆತ್ತಿದ ಬಿಟ್ಟು ಕತ್ತರಿಸುವುದಿಲ್ಲ, ಬರೀ ಉಜ್ಜುತ್ತದೆ. ಹಿತ್ತಾಳೆ ಬ್ರಷ್ಷಿನಲ್ಲಿ ತಿಕ್ಕಿ, ಒಂಚೂರು ಮೇಣ ತಾಗಿಸಿ ಮುಂದುವರಿಸಬೇಕು.

ಈಜಿ ಔಟನ್ನು ಪೂರ್ತಿ ಅರೆದು ಪುಡಿ ಮಾಡಬೇಕಾಗಿಲ್ಲ. ನಡುಭಾಗ ಟೊಳ್ಳು ಮಾಡಿ ಸಣ್ಣ ಪಂಚ್ ಇಟ್ಟು ಮೆಲ್ಲಗೆ ತಟ್ಟಿದರೆ ಉಳಿದದ್ದು ಒಡೆಯುತ್ತದೆ, ಅಷ್ಟು ಗಡಸು ಮಾಡಿದ ಉಕ್ಕು ಬಾಗುವ ಜಾತಿಯದ್ದಲ್ಲ. ಚೂರುಗಳನ್ನು ಸೂಜಿಯಲ್ಲಿ ಕೆದಕಿ ಅಯಸ್ಕಾಂತದಲ್ಲಿ ತೆಗೆದೆ. ಇಷ್ಟಕ್ಕೇ ಅರ್ಧ ದಿನ ಹೋಯಿತು.

ಉಳಿದದ್ದು ಮಾಮೂಲಿ ಕೆಲಸ. ಗುಂಡು ಬಿಟ್ಟಿನಿಂದಲೇ ಸರಿಯಾದ ನಡುವಿಗೆ ಒಂದು ಕುಳಿ ಮಾಡಿ, ತೂತನ್ನು ನಡುವಿಗೆ ತಂದು, ಡ್ರಿಲ್ ಹಂತಹಂತವಾಗಿ ದೊಡ್ಡದು ಮಾಡುತ್ತಾ 4.8 ಮಿಮೀವರೆಗೆ ಹೋದೆ. ಎಂ6ರ ಟ್ಯಾಪಿಗೆ ತೂತು 5 ಮಿಮೀ, ಹಾಗಾಗಿ ಹೆಡ್ಡಿನ ಥ್ರೆಡ್ಡಿಗೆ ಏನೂ ಆಗುವುದಿಲ್ಲ. ಸ್ಟಡ್ ಈಗ ತೆಳುವಾದ ಸಿಪ್ಪೆ ಅಷ್ಟೇ. ಬೆಂಕಿ ಊದುವ ಬ್ಲೋ ಲ್ಯಾಂಪಿನಲ್ಲಿ ಹೆಡ್ಡಿಗೆ ಬಿಸಿ ಕೊಟ್ಟೆ. ಅಲ್ಯೂಮಿನಿಯಂ ಉಕ್ಕಿಗಿಂತ ಎರಡು ಪಟ್ಟು ಹಿಗ್ಗುತ್ತದೆ, ಹಿಡಿತ ಸಡಿಲವಾಗುತ್ತದೆ. ಸಿಪ್ಪೆಯ ಅಂಚನ್ನು ಸಣ್ಣ ಉಳಿಯಲ್ಲಿ ಒಳಕ್ಕೆ ಮಡಚಿ ನೋಸ್ ಪ್ಲೈಯರಿನಲ್ಲಿ ಹಿಡಿದು ತಿರುಗಿಸಿದರೆ ಥ್ರೆಡ್ ಸ್ಪ್ರಿಂಗಿನಂತೆ ಸುರುಳಿಯಾಗಿ ಬಂತು. ಆಮೇಲೆ ಕೈಯಲ್ಲೇ ಟ್ಯಾಪ್ ಹಾಕಿ ಸ್ವಚ್ಛ ಮಾಡಿದೆ. ಟ್ಯಾಪಿನ ಸಂದಿಗೆ ಗ್ರೀಸ್ ತುಂಬಿದರೆ ಚೂರು ಅದಕ್ಕೇ ಅಂಟುತ್ತದೆ.

ಮೇಲಿನ ಎರಡು ಥ್ರೆಡ್ ಹಿಂದಿನ ಡ್ರಿಲ್ಲಿಗೆ ಹೋಗಿತ್ತು, ಉಳಿದದ್ದು ಗಟ್ಟಿ ಇತ್ತು. ಇಲ್ಲದಿದ್ದರೆ ಹೆಲಿಕಾಯಿಲ್ (ಹಾಳಾದ ಥ್ರೆಡ್ಡಿನ ಜಾಗಕ್ಕೆ ಕೂರಿಸುವ ತಂತಿಯ ಸುರುಳಿ) ಹಾಕಬೇಕಿತ್ತು. ಆಳದಲ್ಲಿ ಮುರಿದ ಟ್ಯಾಪ್, ಬೆಲೆಬಾಳುವ ಎಂಜಿನ್ ಕೇಸ್ ಅಂದರೆ ನಾನು ಕೈ ಹಾಕುವುದಿಲ್ಲ. ಬಿಚ್ಚಿ ಬೆಂಗಳೂರಿನ ಪೀಣ್ಯ ಕಡೆ ಸ್ಪಾರ್ಕ್ ಎರೋಷನ್ ಮಷೀನ್ ಇಟ್ಟವರಿಗೆ ಕಳಿಸಿ ಅನ್ನುತ್ತೇನೆ. ಆ ಮಷೀನಿಗೆ ಉಕ್ಕು ಎಷ್ಟು ಗಡಸು ಅನ್ನುವ ಲೆಕ್ಕವೇ ಇಲ್ಲ, ವಿದ್ಯುತ್ ಕಿಡಿಯಲ್ಲೇ ಕರಗಿಸುತ್ತದೆ.

ಬೈಕಿನವರು ಪಕ್ಕದಲ್ಲೇ ಕೂತಿದ್ದರು. "ಒಂದು ಸ್ಟಡ್ಡಿಗೆ ಇಷ್ಟು ಹೊತ್ತಾ ಮಾರಾಯ್ರೆ?" ಅಂದರು. ಇನ್ನೊಂದು ಸ್ಟಡ್ಡನ್ನೂ ಈಗಲೇ ಬದಲಿಸೋಣ ಅಂದೆ, ಅದೂ ಅಷ್ಟೇ ವಯಸ್ಸಿನದ್ದು. ಅದಕ್ಕೆ ಎರಡು ನಟ್ಟು ಒಂದಕ್ಕೊಂದು ಲಾಕ್ ಮಾಡಿ, ಬಿಸಿ ಕೊಟ್ಟು ತಿರುಗಿಸಿದೆ, ಕಿರುಗುಡುತ್ತಾ ಬಂತು. ಎರಡಕ್ಕೂ ಮತ್ತೆ ಕಚ್ಚಿಕೊಳ್ಳದಂತೆ ತಾಮ್ರದ ಆಂಟಿ ಸೀಜ್ ಪೇಸ್ಟ್ ಹಚ್ಚಿ ಹೊಸ ಸ್ಟಡ್ ಕೂರಿಸಿದೆ, ಹೊಸ ಗ್ಯಾಸ್ಕೆಟ್ ಹಾಕಿದೆ. ನಟ್ಟುಗಳನ್ನು ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದೆ.