ಏಷ್ಯಾದಿಂದ ಯುರೋಪಿಗೆ ಸುತ್ತು ದಾರಿ: ನನ್ನ ಅನುಭವ

ಬ್ಯಾಗ್ ಹೆಗಲಿಗೇರಿಸಿ ಒಬ್ಬರೇ ತಿರುಗುವವರಿಗೆ ಇದನ್ನು ಬರೆಯುತ್ತಿದ್ದೇನೆ. ಹಾಸ್ಟೆಲ್ ಬುಕಿಂಗ್, ಫಾರೆಕ್ಸ್ ಕಾರ್ಡ್, ಇ-ಸಿಮ್ ಎಲ್ಲ ನಿಮಗೆ ಗೊತ್ತಿರುತ್ತೆ, ಅದನ್ನು ಬಿಡ್ತೀನಿ. ಹೇಳೋದು ಒಂದೇ ವಿಷಯ. ವಿಯೆಟ್ನಾಂ, ಲಾವೋಸ್ ಕಡೆ ತಿರುಗಿ ಅಲ್ಲಿಂದ ನೇರ ಯುರೋಪಿಗೆ ಹಾರಬೇಡಿ. ನಡುವೆ ಕಜಕಿಸ್ತಾನ, ಜಾರ್ಜಿಯಾ ಈ ಎರಡು ದೇಶಗಳಲ್ಲಿ ಇಳಿದು, ಸ್ವಲ್ಪ ದಿನ ಇದ್ದು ಹೋಗಿ.

ಇದನ್ನು ಹೇಳಿದಾಗ ಎಲ್ಲರೂ ನಕ್ಕಿದ್ದರು. ನಮ್ಮ ಅಂಗಡಿ ಪಕ್ಕದ ಬಟ್ಟೆ ಅಂಗಡಿ ಕಾಕಾ ಅಂತೂ, "ತಂಗಿ, ಹುಬ್ಬಳ್ಳಿಂದ ಬೆಂಗಳೂರಿಗೆ ಹೋಗಾಕ ಬಳ್ಳಾರಿ ಮ್ಯಾಲೆ ಯಾರರ ಹೋಗ್ತಾರೇನ?" ಅಂದಿದ್ದರು. 2025ರ ಜೂನ್‌ನಲ್ಲಿ ಹೊರಟು ಸೆಪ್ಟೆಂಬರ್ ಶುರುವಿನಲ್ಲಿ ವಾಪಸ್ ಬಂದೆ. ಖರ್ಚಿನ ಲೆಕ್ಕ ಕಾಕಾನ ಮುಂದೆ ಇಟ್ಟೆ. ಈಗ ಅವರ ಮಗ ರೂಟ್ ಕೇಳ್ತಿದ್ದಾನೆ.

ನನ್ನದು ಹುಬ್ಬಳ್ಳಿಯ ದುರ್ಗದಬೈಲ್ ಹತ್ತಿರ ಬ್ಲೌಸ್ ಹೊಲಿಯುವ ಅಂಗಡಿ. ಮದುವೆ ಸೀಜನ್ ಮುಗಿದು ಆಷಾಢ ಹತ್ತಿರ ಬಂದರೆ ಕೆಲಸ ಕಡಿಮೆ, ಕೈಯಲ್ಲಿ ದುಡ್ಡು ಇರುವುದೂ ಆಗಲೇ. ದಸರಾ ಆರ್ಡರ್ ಶುರುವಾಗುವುದರೊಳಗೆ ವಾಪಸ್ ಬಂದುಬಿಡಬೇಕು.

ಮೊದಲು ಕೆಟ್ಟದ್ದನ್ನು ಹೇಳ್ತೀನಿ. 2023ರಲ್ಲಿ ಶೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ವೀಸಾ, ರಿಜೆಕ್ಟ್ ಆಯಿತು. ಅವಧಿ ಮುಗಿಯುವ ಮೊದಲು ವಾಪಸ್ ಹೋಗ್ತೀರಿ ಅನ್ನೋದರ ಬಗ್ಗೆ ಅನುಮಾನ ಇದೆ ಅನ್ನುವ ಬಾಕ್ಸಿಗೆ ಟಿಕ್ ಹಾಕಿದ್ದರು. ಫೀ, ಸರ್ವಿಸ್ ಚಾರ್ಜ್, ಬೆಂಗಳೂರಿನ ಓಡಾಟ ಎಲ್ಲ ಸೇರಿ ಹತ್ತು-ಹನ್ನೆರಡು ಸಾವಿರ ಹೋಯಿತು. ಸಂಬಳದ ಸ್ಲಿಪ್ ಇಲ್ಲದ ನಮ್ಮಂಥವರಿಗೆ ಇದು ಮಾಮೂಲು. ಮುಂದಿನ ಸಲ ಮೂರು ವರ್ಷದ ಐಟಿಆರ್ (ಆದಾಯ ತೆರಿಗೆ ರಿಟರ್ನ್), ಉದ್ಯಮ್ ಸರ್ಟಿಫಿಕೇಟ್ (ಸಣ್ಣ ಉದ್ಯಮದ ನೋಂದಣಿ), ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಇಟ್ಟೆ. ಅವುಗಳ ಜೊತೆ ದೀಪಾವಳಿ ನಂತರದ ಮದುವೆಗಳಿಗೆ ಗಿರಾಕಿಗಳು ಅಡ್ವಾನ್ಸ್ ಕೊಟ್ಟ ರಸೀದಿಗಳನ್ನೂ ಇಟ್ಟೆ. ಇವಳು ವಾಪಸ್ ಬಂದೇ ಬರ್ತಾಳೆ ಅನ್ನೋಕೆ ಇದಕ್ಕಿಂತ ಸಾಕ್ಷಿ ಬೇಕಾ? ವೀಸಾ ಬಂತು.

2024ರಲ್ಲಿ ಹನೋಯ್‌ನಿಂದ ನೇರ ಫ್ರಾಂಕ್‌ಫರ್ಟ್. ಟಿಕೆಟ್ಟೇ ನಲವತ್ತೈದು ಸಾವಿರದ ಹತ್ತಿರ. ಹನೋಯ್‌ನಲ್ಲಿ ಹಾಸಿಗೆಗೆ ಐನೂರು-ಆರುನೂರು ರೂಪಾಯಿ, ಊಟಕ್ಕೆ 40,000 ಡಾಂಗ್, ಅಂದರೆ ನಮ್ಮ ನೂರಮೂವತ್ತೈದು. ಮರುದಿನ ಫ್ರಾಂಕ್‌ಫರ್ಟ್‌ನಲ್ಲಿ ಡಾರ್ಮ್ (ಹಲವರು ಒಟ್ಟಿಗೆ ಮಲಗುವ ಕೋಣೆ) ಹಾಸಿಗೆಗೆ ಮೂರೂವರೆ ಸಾವಿರ. ಇಳಿದಿದ್ದು ಶನಿವಾರ ರಾತ್ರಿ. ಜರ್ಮನಿಯಲ್ಲಿ ಭಾನುವಾರ ಹೆಚ್ಚಿನ ಅಂಗಡಿ ಬಂದ್. ರೈಲ್ವೆ ಸ್ಟೇಷನ್‌ನಲ್ಲಿ ಸಿಗುತ್ತೆ, ಆದರೆ ಸ್ಟೇಷನ್ ರೇಟಿನಲ್ಲಿ. ಐದು ಗಂಟೆಯ ವ್ಯತ್ಯಾಸ ಬೇರೆ. ರಾತ್ರಿ ಎರಡಕ್ಕೆ ಎಚ್ಚರ, ಸಂಜೆ ಏಳಕ್ಕೆ ಕಣ್ಣು ಎಳೆಯೋದು. ಒಂದು ಬ್ರೆಡ್ ಕೊಳ್ಳುವಾಗಲೂ ಮನಸ್ಸು ರೂಪಾಯಿ ಲೆಕ್ಕ ಹಾಕ್ತಿತ್ತು. ಹೊಟ್ಟೆಗೆ ಕಡಿಮೆ ಮಾಡಿ ಜ್ವರ ಬಂತು. ಮುಂದಿನ ಬುಕಿಂಗ್ ಎಲ್ಲ ಬಿಟ್ಟು ಊರಿಗೆ ಬಂದೆ. ನಲವತ್ತು ಸಾವಿರವಾದರೂ ನೀರಿಗೆ ಹೋಯಿತು. "ನಿನಗ ಅದೆಲ್ಲ ಒಗ್ಗೂದಿಲ್ಲವಾ, ಇಲ್ಲೇ ಧರ್ಮಸ್ಥಳ, ಕಾಶಿ ಅಡ್ಡಾಡು" ಅಂದಳು ಅವ್ವ.

ಈ ಸಲ ದಾರಿ ಹೀಗಿತ್ತು. ಬೆಂಗಳೂರಿಂದ ವಿಯೆಟ್ನಾಂ, ಬಸ್ಸಿನಲ್ಲಿ ಲಾವೋಸ್, ಥೈಲ್ಯಾಂಡ್. ಬ್ಯಾಂಕಾಕ್‌ನಿಂದ ಕಜಕಿಸ್ತಾನದ ಅಲ್ಮಾಟಿ. ಅಲ್ಲಿಂದ ಜಾರ್ಜಿಯಾ, ಕೊನೆಗೆ ಪೋಲೆಂಡ್, ಜರ್ಮನಿ.

ಗಡಿಯಾರ ನೋಡಿ. ವಿಯೆಟ್ನಾಂ ನಮಗಿಂತ ಒಂದೂವರೆ ಗಂಟೆ ಮುಂದೆ. ಅಲ್ಮಾಟಿ ಅರ್ಧ ಗಂಟೆ ಹಿಂದೆ, ಜಾರ್ಜಿಯಾ ಒಂದೂವರೆ ಗಂಟೆ ಹಿಂದೆ. ಪೋಲೆಂಡ್, ಜರ್ಮನಿ ಅಲ್ಲಿಯ ಬೇಸಿಗೆಯಲ್ಲಿ ಮೂರೂವರೆ ಗಂಟೆ ಹಿಂದೆ. ಒಂದೇ ಸಲ ಐದು ಗಂಟೆ ಹೊಡೆತ ತಿನ್ನುವ ಬದಲು ಎರಡು, ಒಂದು, ಮತ್ತೆ ಎರಡು. ನಿದ್ದೆ ಕೆಟ್ಟಿದ್ದೇ ನೆನಪಿಲ್ಲ.

ದುಡ್ಡಿನದೂ ಹಾಗೆಯೇ. ವಿಯೆಟ್ನಾಂನಲ್ಲಿ ದಿನಕ್ಕೆ ಒಂದೂವರೆ ಸಾವಿರ, ಅಲ್ಮಾಟಿಯಲ್ಲಿ ಎರಡು, ಜಾರ್ಜಿಯಾದಲ್ಲಿ ಎರಡೂವರೆ ಒಳಗೆ, ಪೋಲೆಂಡ್‌ನಲ್ಲಿ ಮೂರರ ಮೇಲೆ, ಜರ್ಮನಿಯಲ್ಲಿ ನಾಲ್ಕೂವರೆ. ಹೊಸ ದೇಶಕ್ಕೆ ಹೋದ ಮೊದಲ ದಿನ ಎಲ್ಲಿಗೂ ತಿರುಗಲ್ಲ. ಬಜಾರಿಗೆ ಹೋಗಿ ಹಾಲು, ಬ್ರೆಡ್, ಆಲೂಗಡ್ಡೆ, ಟೊಮೇಟೊ, ಸಿಟಿ ಬಸ್ ಟಿಕೆಟ್ ಇಷ್ಟರ ದರ ಬರೆದುಕೊಳ್ತೀನಿ. ಆ ದರವನ್ನು ಹಿಂದಿನ ದೇಶದ ಜೊತೆ ಹೋಲಿಸಬೇಕು. ಹುಬ್ಬಳ್ಳಿ ಜೊತೆ ಹೋಲಿಸಿದರೆ ಮುಗೀತು, ಹೊಟ್ಟೆ ತುಂಬ ಉಣ್ಣೋಕೆ ಮನಸ್ಸೇ ಬರಲ್ಲ.

ಅಲ್ಮಾಟಿಗೆ ನಮಗೆ 14 ದಿನ ವೀಸಾ ಬೇಡ. ಊರಿನ ಬೆನ್ನಿಗೇ ಹಿಮದ ಬೆಟ್ಟ, ಸಿಟಿ ಬಸ್ಸಿನಲ್ಲೇ ಬೆಟ್ಟದ ಮೇಲಿನ ಮೆದೆವ್‌ಗೆ ಹೋಗಬಹುದು. ಸಸ್ಯಾಹಾರಿಗಳಿಗೆ ಮಾತ್ರ ಕಷ್ಟದ ಊರು, ಕುದುರೆ ಮಾಂಸದ ನಾಡು ಅದು. ನನ್ನನ್ನು ಉಳಿಸಿದ್ದು ಗ್ರೀನ್ ಬಜಾರಿನ ಕೊರಿಯನ್ ಅಂಗಡಿಗಳ ಸಾಲು. 1937ರಲ್ಲಿ ಸ್ಟಾಲಿನ್ ರಷ್ಯಾದ ಪೂರ್ವ ತುದಿಯಲ್ಲಿದ್ದ ಕೊರಿಯನ್ನರನ್ನು ರೈಲಿಗೆ ತುಂಬಿ ಈ ಕಡೆ ಸಾಗಿಸಿದ್ದ. ಅವರು ಇಲ್ಲಿ ಗಜ್ಜರಿಯನ್ನು ದಾರದಷ್ಟು ಸಣ್ಣಗೆ ಹೆರೆದು ಬೆಳ್ಳುಳ್ಳಿ, ಕೊತ್ತಂಬರಿ ಕಾಳು, ಖಾರ ಹಾಕಿ ಒಂದು ಸಲಾಡ್ ಮಾಡ್ತಾರೆ. ತಂದೂರಿನ ಬ್ರೆಡ್ ಜೊತೆ ಅದನ್ನೇ ದಿನಾ ತಿಂದೆ. ಅದರ ಮೇಲೆ ಬ್ಯಾಡಗಿ ಖಾರದ ಪುಡಿ ಸ್ವಲ್ಪ ಉದುರಿಸಿ ಮಾರುವ ಅಜ್ಜಿಗೇ ತಿನ್ನಿಸಿದೆ. ಬಣ್ಣ ನೋಡಿ ಹೆದರಿದಳು, ಬಾಯಿಗೆ ಹಾಕಿಕೊಂಡ ಮೇಲೆ ಕೈ ಚಾಚಿ ಮತ್ತೆ ಕೇಳಿದಳು.

ಜಾರ್ಜಿಯಾ ಈ ದಾರಿಯ ಜೀವ. ಭಾರತದವರ ಹತ್ತಿರ ಚಾಲ್ತಿಯಲ್ಲಿರುವ ಶೆಂಗೆನ್ ವೀಸಾ ಇದ್ದರೆ ಅಲ್ಲಿಗೆ ಬೇರೆ ವೀಸಾ ಬೇಕಾಗಿರಲಿಲ್ಲ. ಆದರೆ ಶೆಂಗೆನ್ ವೀಸಾವನ್ನು ಊರಿಂದ ಹೊರಡುವ ಮೊದಲೇ ತೆಗೆಯಬೇಕು. ಪ್ರಯಾಣಕ್ಕೆ ಆರು ತಿಂಗಳಿಗಿಂತ ಮೊದಲು ಅರ್ಜಿ ತಗೊಳ್ಳಲ್ಲ. ಮತ್ತೆ ಜಾರ್ಜಿಯಾಕ್ಕೆ ಕಾಲಿಡುವ ದಿನಕ್ಕೆ ಅದರ ಅವಧಿ ಶುರುವಾಗಿರಬೇಕು. ಈ ತಾರೀಖುಗಳನ್ನು ಅರ್ಜಿಯಲ್ಲಿ ಹೇಗೆ ಕೂಡಿಸಿದೆ ಅನ್ನೋದು ನನ್ನ ಹತ್ತಿರವೇ ಇರಲಿ. ಗಡಿಯಲ್ಲಿ ಪ್ರಶ್ನೆ ಜಾಸ್ತಿ. ಇನ್ಶೂರೆನ್ಸ್, ಹಾಸ್ಟೆಲ್, ಮುಂದಿನ ಟಿಕೆಟ್ ಎಲ್ಲ ಪ್ರಿಂಟ್ ಹಾಕಿಸಿ ಇಟ್ಟುಕೊಳ್ಳಿ. ಫೋನ್ ತೋರಿಸ್ತೀನಿ ಅನ್ನಬೇಡಿ.

ಊಟದ ವಿಷಯದಲ್ಲಿ ನಮ್ಮ ಕಡೆಯವರಿಗೆ ಅದು ತವರುಮನೆ. ಲೋಬಿಯೋ ಅಂತ ಮಣ್ಣಿನ ಗಡಿಗೆಯಲ್ಲಿ ರಾಜ್ಮಾದಂಥ ಕಾಳು ಬೇಯಿಸಿ ಕೊಡ್ತಾರೆ, ಜೊತೆಗೆ ಮ್ಚಾದಿ ಅನ್ನುವ ಗೋವಿನಜೋಳದ ದಪ್ಪ ರೊಟ್ಟಿ. ರೊಟ್ಟಿ-ಕಾಳುಪಲ್ಯ ತಿಂದ ಹಾಗೇ ಇರುತ್ತೆ. ಬುಧವಾರ, ಶುಕ್ರವಾರ ಅವರಲ್ಲಿ ಉಪವಾಸ ಹಿಡಿಯೋರು ಇದ್ದಾರೆ. "ಸಮಾರ್ಖ್ವೋ" ಅಂತ ಕೇಳಿದರೆ ಮಾಂಸ, ಹಾಲು, ಮೊಟ್ಟೆ ಇಲ್ಲದ ಅಡುಗೆ ಕೊಡ್ತಾರೆ.

ಜಾರ್ಜಿಯಾದ ಕುಟೈಸಿ ಅನ್ನುವ ಊರಲ್ಲಿ ನಾನಿದ್ದ ಮನೆಯ ಆಂಟಿಯ ಅಡುಗೆಮನೆಯಲ್ಲಿ ಒಂದು ಪ್ರಯೋಗ ಮಾಡಿದೆ. ಅವರ ಗೋವಿನಜೋಳದ ಹಿಟ್ಟಿಗೆ ಕುದಿಯುವ ಎಸರು ಹಾಕಿ ನಾದಿದೆ, ನಮ್ಮ ಹಾಗೆ ತೆಳ್ಳಗೆ ಬಡಿಯೋಣ ಅಂತ. ಅಂಗೈ ಅಗಲ ಆಗುವಷ್ಟರಲ್ಲಿ ಅಂಚು ಬಿರಿಯಿತು. ಎಸರು ಜಾಸ್ತಿ ಮಾಡಿದೆ, ಕಲ್ಲಿಗೇ ಅಂಟಿತು. ಸ್ವಲ್ಪ ಗೋಧಿ ಹಿಟ್ಟು ಬೆರೆಸಿದಾಗ ರೊಟ್ಟಿ ಎದ್ದು ಬಂತು, ಆದರೆ ಅದು ರೊಟ್ಟಿ ಅಲ್ಲ, ಚಪಾತಿಯೂ ಅಲ್ಲ. ಆಂಟಿ ನಕ್ಕು ಅದರ ಮೇಲೆ ಚೀಸ್ ಸುರಿದು ತಿಂದರು. ಅದೇ ಮನೆಯಲ್ಲಿ ಟ್ರೆಕ್ಕಿಂಗ್‌ನವರ ಹರಿದ ಜಾಕೆಟ್, ಜಿಪ್ಪು ಸರಿ ಮಾಡಿ ಕೊಟ್ಟೆ. ದುಡ್ಡು ತಗೊಳ್ಳಲಿಲ್ಲ, ಟೂರಿಸ್ಟ್ ಆಗಿ ಹೋದಾಗ ಅದು ಬೇಡ. ರಾತ್ರಿ ಊಟ ಅವರದು.

ಊರಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ, ಗುರೆಳ್ಳು ಪುಡಿ ಒಯ್ದಿದ್ದೆ. ರೊಟ್ಟಿಯನ್ನು ಎರಡು ಸ್ಟೀಲ್ ತಾಟಿನ ನಡುವೆ ಇಟ್ಟು ಬಟ್ಟೆ ಪಟ್ಟಿಯಿಂದ ಬಿಗಿದರೆ ಪುಡಿ ಆಗಲ್ಲ. ಧಾರವಾಡ ಪೇಡೆ ಮಾತ್ರ ಕುಟೈಸಿಯಲ್ಲೇ ಹಂಚಿ ಮುಗಿಸಿದೆ. ಹೊರಗಿನ ದೇಶಗಳಿಂದ ಬರುವವರು ಹಾಲಿನ ಪದಾರ್ಥ ಯುರೋಪಿಯನ್ ಯೂನಿಯನ್ ಒಳಗೆ ತರುವ ಹಾಗಿಲ್ಲ.

ಕುಟೈಸಿಯೇ ಯಾಕೆ ಅಂದರೆ, ಯುರೋಪಿಗೆ ಅಗ್ಗದ ವಿಮಾನಗಳು ಅಲ್ಲಿಂದ ಹಾರುತ್ತವೆ. ಪೋಲೆಂಡ್‌ಗೆ ನನಗೆ ನಾಲ್ಕೂವರೆ ಸಾವಿರಕ್ಕೆ ಸಿಕ್ಕಿತು. ಅಗ್ಗದ ವಿಮಾನ ಕಂಪನಿ ವಿಜ್ ಏರ್‌ನಲ್ಲಿ ಪುಕ್ಕಟೆ ಒಯ್ಯುವ ಬ್ಯಾಗಿನ ಅಳತೆ 40 ಸೆಂ.ಮೀ. ಉದ್ದ, 30 ಅಗಲ, 20 ದಪ್ಪ. 2024ರಲ್ಲಿ ಬೇರೆ ಒಂದು ವಿಮಾನದವರು ಬ್ಯಾಗ್ ಉಬ್ಬಿದೆ ಅಂತ ಟಿಕೆಟ್‌ಗಿಂತ ಜಾಸ್ತಿ ಕಿತ್ತುಕೊಂಡಿದ್ದರು. ಆ ಸಿಟ್ಟಿಗೆ ಈ ಸಲ ಬ್ಯಾಗ್ ನಾನೇ ಹೊಲಿದೆ. ಸ್ಕೂಲ್ ಬ್ಯಾಗಿನ ದಪ್ಪ ಬಟ್ಟೆ, ಒಳಗೆ ಪ್ಯಾರಾಚೂಟ್ ಬಟ್ಟೆ, ಒಟ್ಟು ಸಾಮಾನು ಒಂಬೈನೂರು ರೂಪಾಯಿ. ಮೊದಲನೆಯದು ತುಂಬಿದಾಗ ಹೊಟ್ಟೆ ಉಬ್ಬಿ ನಾಲ್ಕು ಸೆಂ.ಮೀ. ಜಾಸ್ತಿ ಆಯಿತು. ಎರಡನೆಯದಕ್ಕೆ ದಪ್ಪ 18 ಇಟ್ಟು ಕತ್ತರಿಸಿ, ಒಳಗೆ ಅಡ್ಡ ಪಟ್ಟಿ ಹೊಲಿದೆ. ಈಗ ಎಷ್ಟು ತುರುಕಿದರೂ ಉಬ್ಬಲ್ಲ. ಏರ್‌ಪೋರ್ಟಿನ ಅಳತೆ ಪೆಟ್ಟಿಗೆಯಲ್ಲಿ ಒಂದೇ ಸಲಕ್ಕೆ ಕೂತಿತು. ದುಡ್ಡಿನ ಕಿಸೆ ಎಲ್ಲಿದೆ ಅಂತ ಮಾತ್ರ ಕೇಳಬೇಡಿ.

ಪೋಲೆಂಡ್‌ನಲ್ಲಿ ಬಾರ್ ಮ್ಲೆಚ್ನಿ ಅನ್ನುವ ಹಾಲಿನ ಖಾನಾವಳಿ ಹುಡುಕಿ. ಹೆಸರಿಗೆ ಹಾಲು, ಸಿಗೋದು ಊಟ. ಆಲೂಗಡ್ಡೆ-ಚೀಸ್ ತುಂಬಿದ ಪಿಯೆರೋಗಿ ಒಂದು ತಾಟು ತಿಂದರೆ ಸಂಜೆವರೆಗೆ ಹಸಿವಾಗಲ್ಲ. ಮೇಲೆ ಹುರಿದ ಹಂದಿ ಕೊಬ್ಬು ಹಾಕೋದುಂಟು, ಬೇಡ ಅಂತ ಮೊದಲೇ ಹೇಳಿ. ಜರ್ಮನಿಯಲ್ಲಿ 2025ರಲ್ಲಿ ತಿಂಗಳಿಗೆ 58 ಯೂರೋ ಇದ್ದ ಡಾಯ್ಚ್‌ಲಾಂಡ್ ಟಿಕೆಟ್ ತಗೊಂಡೆ. ಫಾಸ್ಟ್ ರೈಲು ಬಿಟ್ಟು ಲೋಕಲ್ ರೈಲು, ಬಸ್ಸು, ಟ್ರಾಮ್ ಎಲ್ಲದರಲ್ಲೂ ನಡೆಯುತ್ತೆ. 10ನೇ ತಾರೀಖಿನೊಳಗೆ ಕ್ಯಾನ್ಸಲ್ ಮಾಡದಿದ್ದರೆ ಮುಂದಿನ ತಿಂಗಳದ್ದೂ ಕತ್ತರಿಸ್ತಾರೆ. ಖಾಲಿ ಪ್ಲಾಸ್ಟಿಕ್ ಬಾಟಲಿ ಮಷೀನಿಗೆ ಹಾಕಿದರೆ 25 ಸೆಂಟ್ ವಾಪಸ್. ಒಂದು ಬೆಳಿಗ್ಗೆ ಹಾಸ್ಟೆಲ್‌ನವರು ಬಿಟ್ಟ ಬಾಟಲಿ ಆರಿಸಿ ಐದಾರು ಯೂರೋ ಮಾಡಿದೆ. ಅದನ್ನೇ ಹೊಟ್ಟೆಪಾಡು ಮಾಡಿಕೊಂಡ ಮುದುಕರು ಅಲ್ಲಿದ್ದಾರೆ, ಅದಕ್ಕೆ ಬಿಟ್ಟುಬಿಟ್ಟೆ.

ಕಾಕಾನ ಬಳ್ಳಾರಿ ಲೆಕ್ಕಕ್ಕೆ ಬರೋಣ. ವಿಯೆಟ್ನಾಂನಿಂದ ಪೋಲೆಂಡ್‌ವರೆಗೆ ಬಸ್ಸು, ವಿಮಾನ ಎಲ್ಲ ಸೇರಿ ಸುಮಾರು ನಲವತ್ತು ಸಾವಿರ. ನೇರ ಹಾರಿದ್ದಕ್ಕಿಂತ ಐದು ಸಾವಿರ ಕಡಿಮೆ, ಮೇಲೆ ಎರಡು ದೇಶ ನೋಡಿದ್ದು ಪುಕ್ಕಟೆ. ವೀಸಾ, ವಾಪಸ್ ಟಿಕೆಟ್, ಊಟ, ವಸತಿ ಸೇರಿ ಇಡೀ ಪ್ರವಾಸ ಮೂರು ಲಕ್ಷದ ಆಸುಪಾಸು.

ಆ ಬ್ಯಾಗಿಗೆ ಈಗ ಆರ್ಡರ್ ಬರ್ತಿವೆ. ಧಾರವಾಡದ ಹುಡುಗಿಯರು ಇಬ್ಬರು ಒಯ್ದರು, ಗದಗಿನಿಂದ ಒಬ್ಬರು ಕೇಳಿದ್ದಾರೆ. ಹದಿನೆಂಟು ನೂರಕ್ಕೆ ಹೊಲಿದು ಕೊಡ್ತೀನಿ. ಕಟಿಂಗ್ ಪೇಪರ್ ಮಾತ್ರ ಯಾರಿಗೂ ಕೊಡಲ್ಲ.